ಒಳಗೆ ಹಾಕಿದ ಎಲೆ

ಹೊನ್ನಾವರ ಬಿಡುವವರೆಗೂ ಮಹಾಬಲನಿಗೆ ಕೆಮ್ಮು ಬರಲಿಲ್ಲ. ಶರಾವತಿಯ ಸೇತುವೆಯ ಮೇಲೆ ಬಸ್ಸು ನಿಧಾನವಾಗಿ, ಕಿಟಕಿಯಿಂದ ಉಪ್ಪುನೀರಿನ ಗಾಳಿ ಮುಖಕ್ಕೆ ಬಡಿದಾಗ ಗಂಟಲಿನ ಬುಡದಲ್ಲಿ ಆ ಹಳೆಯ ತುರಿಕೆ ಎದ್ದಿತು. ಉಗುಳು ನುಂಗಿದ. ಮತ್ತೆ ನುಂಗಿದ. ಕೊನೆಗೆ ತಡೆಯಲಾಗದೆ ಕೆಮ್ಮಿದಾಗ ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು ಆಚೆ ಸರಿದಳು. ಇಪ್ಪತ್ತೆರಡು ವರ್ಷಗಳ ಕೆಮ್ಮು ಇದು. ಕುಮಟೆಯ ಡಾಕ್ಟರು ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ‘ಏನೂ ಇಲ್ಲ, ಮಿಲಿಟರಿ ಎದೆ’ ಎಂದು ನಗುತ್ತಾ ಕಳಿಸಿದ್ದರು. ಅವನೂ ನಕ್ಕಿದ್ದ. ಬೆಳಿಗ್ಗೆ ಹೊಳನಗದ್ದೆಯಲ್ಲಿ ಮನೆಯ ಮೆಟ್ಟಿಲು ಇಳಿದಾಗಿನಿಂದ ಅವನು ಭಟ್ಕಳದಲ್ಲಿ ಹೇಳಬೇಕಾದ ಮಾತನ್ನು ಜೋಡಿಸುತ್ತಿದ್ದ. ಮೂರೇ ವಾಕ್ಯ. ಆ ಕತೆ ನಾನು ಕಟ್ಟಿದ್ದು. ನಿಮ್ಮ ಮಗ ಜಾರಿ ಬಿದ್ದು ಸಾಯಲಿಲ್ಲ. ಎಲೆ ಹಾಕುವ ಮೊದಲು ನಿಮಗೆ ಇದು ತಿಳಿದಿರಬೇಕು ಅನ್ನಿಸಿತು. ಮೊದಲ ಎರಡು ಗಟ್ಟಿಯಾಗಿ ನಿಂತಿದ್ದವು. ಮೂರನೆಯದು ಪ್ರತಿ ಊರು ದಾಟಿದಾಗಲೂ ಬದಲಾಗುತ್ತಿತ್ತು.

ಮಾಲಿನಿ ಬೇಡವೆಂದಿದ್ದಳು. ಅಂಗನವಾಡಿಗೆ ಹೊರಡುವ ಗಡಿಬಿಡಿಯಲ್ಲಿ ತಲೆಗೆ ಕ್ಲಿಪ್ ಸಿಕ್ಕಿಸಿಕೊಳ್ಳುತ್ತಾ, “ಕತೆ ಅಂದ್ರೆ ಸುಳ್ಳು ಅಂತ ಎಲ್ಲರಿಗೂ ಗೊತ್ತದೆ. ಸುಳ್ಳು ಬರೆದೆ ಅಂತ ಹೇಳೂಕೆ ಭಟ್ಕಳಕ್ಕೆ ಹೋಗೂರು ನೀವೊಬ್ರೇ ಇರ್ಬೇಕು” ಎಂದಳು. ಅವನು ಚೀಲದ ಜಿಪ್ ಎಳೆದ. “ಆ ಮುದುಕಿ ಇಷ್ಟು ವರ್ಷದ ಮೇಲೆ ಮಗನಿಗೆ ಒಂದು ಎಲೆ ಹಾಕ್ತಾಳೆ. ಹಾಕ್ಲಿ ಬಿಡಿ. ನಿಮ್ಮ ಗಂಟೆಂತ ಹೋಗ್ತದೆ?” ಅವನು ಮೆಟ್ಟಿಲು ಇಳಿದ. ಹತ್ತು ದಿನಗಳ ಹಿಂದೆ ಫೋನ್ ಬಂದಾಗ ಅವನು ಸೊಸೈಟಿಯ ಬಾಗಿಲಲ್ಲಿ ಕಾವಲು ಕುಳಿತಿದ್ದ. ಎಳೆಯ ದನಿ. “ಸರ್, ನಾನು ದೀಪಿಕಾ ಅಂತ, ಭಟ್ಕಳ ಬಂದರದಿಂದ. ಚೌತಿ ವಿಶೇಷಾಂಕದಲ್ಲಿ ಬಂದ ಕತೆ ನೀವೇ ಬರ್ದದ್ದಾ? ಅದ್ರಲ್ಲಿ ಬಂದೋರು ನಮ್ಮ ದೊಡ್ಡಪ್ಪ ಅಲ್ದಾ ಸರ್, ದಾಸ ಮೊಗೇರ?” ಅವನು ಎದ್ದು ನಿಂತಿದ್ದ, ಯಾರೋ ಹಿರಿಯ ಅಧಿಕಾರಿ ಬಂದ ಹಾಗೆ. ಅಲ್ಲ ಎಂದು ಹೇಳಲು ಒಂದು ಕ್ಷಣವಿತ್ತು. ಆ ಕ್ಷಣದಲ್ಲಿ ಅವನು ಕೆಮ್ಮಿದ. ಹುಡುಗಿ ಅದನ್ನು ಹೌದೆಂದುಕೊಂಡು ಮುಂದುವರಿಸಿದಳು. ಮಹಾಲಯ ಅಮಾವಾಸ್ಯೆಗೆ ಅಜ್ಜಿ ದೊಡ್ಡಪ್ಪನಿಗೆ ಮೊದಲ ಸಲ ಒಳಗೆ ಎಲೆ ಹಾಕುತ್ತಾಳಂತೆ. ನೀವು ಬರಬೇಕಂತೆ. ಇಷ್ಟು ವರ್ಷ ಹೊರಗೆ ಇತ್ತಲ್ಲ ಸರ್, ಎಂದಳು. ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು.

ಐದು ಕತೆ ಬರೆದಿದ್ದ ಅಷ್ಟೆ. ಯುದ್ಧಕ್ಕೆ ಹೋಗಿ ಬಂದವನು ಎಂದು ಪ್ರತಿ ಜುಲೈಯಲ್ಲಿ ಯಾವುದಾದರೂ ಶಾಲೆಯವರು ಕರೆದು ಶಾಲು ಹೊದೆಸುತ್ತಾರೆ. ಮಕ್ಕಳು ಎಷ್ಟು ಜನರನ್ನು ಹೊಡೆದಿರಿ ಎಂದು ಕೇಳುತ್ತಾರೆ. ಮೇಷ್ಟ್ರು ಮಕ್ಕಳನ್ನು ಗದರುತ್ತಾರೆ, ಆಮೇಲೆ ತಾವೂ ಉತ್ತರಕ್ಕೆ ಕಾಯುತ್ತಾರೆ. ಮೊದಲ ನಾಲ್ಕು ಕತೆಗಳಲ್ಲಿ ಗುಂಡಿನ ಸದ್ದು ಬೇಕಾದಷ್ಟಿತ್ತು. ಅವನ್ನು ಓದಿದ ಯಾರೂ ಫೋನ್ ಮಾಡಿರಲಿಲ್ಲ. ಐದನೆಯದರಲ್ಲಿ ಯುದ್ಧ ಮುಗಿದು ಮೂರು ವರ್ಷವಾಗಿತ್ತು. ಹಿಮದ ನಡುವೆ ಒಂದು ಕಾವಲು ಚೌಕಿ, ಇಬ್ಬರು ಸಿಪಾಯಿಗಳು, ಅವರಲ್ಲಿ ಭಟ್ಕಳ ಬಂದರದ ಹುಡುಗ ಸುಬ್ಬ. ಸುಬ್ಬನಿಗೆ ಊರಿನಿಂದ ಒಣ ಸಿಗಡಿಯ ಪೊಟ್ಟಣ ಬರುತ್ತದೆ, ಅದನ್ನು ಪುಡಿ ಮಾಡಿ ಅನ್ನದ ಮೇಲೆ ಉದುರಿಸಿಕೊಂಡು ಕಣ್ಣು ಮುಚ್ಚಿ ತಿನ್ನುತ್ತಾನೆ. ಒಂದು ದಿನ ಅವನು ಕಂಬಳಿಯೊಳಗೆ ಅಳುತ್ತಾನೆ. ಜೊತೆಗಾರ ಏಳುತ್ತಾನೆ, ಒಲೆ ಹಚ್ಚಿ ಚಹಾ ಕಾಸುತ್ತಾನೆ. ಇಬ್ಬರೂ ಚಹಾ ಕುಡಿಯುತ್ತಾ ಸಮುದ್ರದ ಮಾತಾಡುತ್ತಾರೆ. ಸಂಜೆ ನೀರಿನ ಡಬ್ಬ ತರಲು ಹೋದ ಸುಬ್ಬ ಹಿಮದಲ್ಲಿ ಜಾರುತ್ತಾನೆ, ಹೆಗಲ ಬಂದೂಕಿನಿಂದ ಗುಂಡು ಹಾರಿ ಸಾಯುತ್ತಾನೆ. ಇಷ್ಟೇ ಕತೆ. ವಾರಪತ್ರಿಕೆಯ ಸಂಪಾದಕರು ಅವನನ್ನು ಕೇಳದೆ ಮೇಲೆ ‘ಯೋಧನೊಬ್ಬ ಕಣ್ಣಾರೆ ಕಂಡದ್ದು’ ಎಂದು ದಪ್ಪಕ್ಷರದಲ್ಲಿ ಹಾಕಿ, ಸಮವಸ್ತ್ರದಲ್ಲಿದ್ದ ಅವನ ಹಳೆಯ ಫೋಟೋ ಅಚ್ಚು ಮಾಡಿದ್ದರು. ಪತ್ರಿಕೆ ಕೈಗೆ ಬಂದಾಗ ಮಹಾಬಲ ಫೋಟೋದಲ್ಲಿ ತಾನು ಎಳೆಯನಾಗಿರುವುದನ್ನಷ್ಟೆ ನೋಡಿದ್ದ.

ಮಂಕಿ ದಾಟಿತು. ಹೊರಗೆ ಗದ್ದೆಗಳಲ್ಲಿ ನೀರು ನಿಂತು ಹೊಳೆಯುತ್ತಿತ್ತು, ಆ ಹೊಳಪು ಕಣ್ಣಿಗೆ ಚುಚ್ಚಿ ಅವನು ಮುಖ ತಿರುಗಿಸಿದ. ಹಿಮವೂ ಹೀಗೆ ಚುಚ್ಚುತ್ತಿತ್ತು. ರಾತ್ರಿಯಿಡೀ ಕಾವಲು, ಹಗಲು ನಿದ್ದೆ. ಬಂಕರಿನ ಬಾಯಿಗೆ ಇಳಿಬಿಟ್ಟ ಗೋಣಿಯ ಸಂದಿನಿಂದ ಬೆಳಕಿನ ಒಂದು ಗೆರೆ ಒಳಗೆ ಬಂದು ಎರಡು ಹಾಸಿಗೆಗಳ ನಡುವೆ ಬೀಳುತ್ತಿತ್ತು. ಆ ಗೆರೆಯ ಆಚೆ ದಾಸ, ಈಚೆ ಅವನು. ದಾಸ ಬಂದು ಎರಡು ತಿಂಗಳಾಗಿರಲಿಲ್ಲ, ಇಪ್ಪತ್ತೊಂದು ವರ್ಷ, ಕನ್ನಡ ಸಿಕ್ಕಿತೆಂದು ಮೊದಲ ವಾರ ಬಾಯಿ ಮುಚ್ಚಿರಲಿಲ್ಲ. ಆಮೇಲೆ ಮಾತು ಕಡಿಮೆಯಾಯಿತು. ಆ ದಿನ ಮಧ್ಯಾಹ್ನ ಕಂಬಳಿಯೊಳಗಿನಿಂದ ಸದ್ದು ಬಂತು. ನಾಯಿಮರಿಯ ಸದ್ದಿನಂಥದ್ದು, ನಿಂತು ನಿಂತು ಬರುವಂಥದ್ದು. ಮಹಾಬಲ ಎಚ್ಚರವಾಗಿದ್ದ. ಸೀಮೆಎಣ್ಣೆ ಹೊಗೆಗೆ ಗಂಟಲು ತುರಿಸುತ್ತಿತ್ತು. ಕೆಮ್ಮಿದರೆ ಎಚ್ಚರವಾಗಿರುವುದು ದಾಸನಿಗೆ ಗೊತ್ತಾಗುತ್ತದೆ, ಗೊತ್ತಾದರೆ ಎದ್ದು ಏನಾದರೂ ಕೇಳಬೇಕಾಗುತ್ತದೆ. ಅವನು ಕಂಬಳಿಯ ಅಂಚನ್ನು ಬಾಯಿಗೆ ತುರುಕಿಕೊಂಡ. ಕಣ್ಣಲ್ಲಿ ನೀರು ಬರುವವರೆಗೆ ತಡೆದುಕೊಂಡ. ಉಸಿರನ್ನು ನಿದ್ದೆಯ ಉಸಿರಿನಂತೆ ಎಳೆದು ಬಿಟ್ಟ, ಎಳೆದು ಬಿಟ್ಟ. ಬೆಳಕಿನ ಗೆರೆ ಅವನ ಬೂಟಿನಿಂದ ದಾಸನ ಬೂಟಿನವರೆಗೆ ಸರಿಯಿತು. ಸದ್ದು ನಿಂತಿತು. ಸಂಜೆ ಕಾವಲಿಗೆ ಹೊರಡುವ ಮೊದಲು ಬಂಕರಿನ ಹಿಂದೆ ಒಂದೇ ಒಂದು ಗುಂಡು. ವಿಚಾರಣೆಯಲ್ಲಿ ಮೇಜರ್ ಸಾಹೇಬರು, ಹುಡುಗನಿಗೆ ಏನಾದರೂ ತೊಂದರೆ ಇದ್ದದ್ದು ನಿನಗೆ ಕಂಡಿತೇ ಎಂದು ಕೇಳಿದಾಗ ಅವನು ಎದೆ ಸೆಟೆಸಿ, ನಿದ್ದೆಯಲ್ಲಿದ್ದೆ ಸಾಹೇಬ್, ಏನೂ ಕೇಳಿಸಲಿಲ್ಲ, ಎಂದ. ಅದೇ ಅವನು ಕಟ್ಟಿದ ಮೊದಲ ಕತೆ. ಅದನ್ನೂ ಎಲ್ಲರೂ ನಂಬಿದರು.

ಭಟ್ಕಳದಲ್ಲಿ ಇಳಿದು ಬಂದರಕ್ಕೆ ಆಟೋ ಹಿಡಿದ. ಚಾಲಕ ನವಾಯತಿ ಭಾಷೆಯಲ್ಲಿ ದುಬೈಯ ತಮ್ಮನೊಡನೆ ಫೋನಿನಲ್ಲಿ ಜಗಳವಾಡುತ್ತಾ ಓಡಿಸಿದ. ಮಧ್ಯೆ ತಿರುಗಿ ಕನ್ನಡದಲ್ಲಿ, “ಯಾರ ಮನೆ?” ಎಂದ. ದಾಸನ ತಾಯಿ ಈರಮ್ಮನ ಮನೆ ಎಂದಾಗ, “ಪೇಪರಲ್ಲಿ ಮಗ ಬಂದ ಈರಮ್ಮನಾ?” ಎಂದು ಕೇಳಿ ಸೀದಾ ಬಾಗಿಲಿಗೇ ತಂದು ನಿಲ್ಲಿಸಿದ. ಆಟೋದವನವರೆಗೂ ಸುದ್ದಿ ಹೋಗಿದೆ. ಅಂಗಳದಲ್ಲಿ ಬಲೆಯ ರಾಶಿ, ಅದರ ಪಕ್ಕ ದಾಸನ ತಮ್ಮ ಜಗದೀಶ. ಬೋಟಿನ ಕೆಲಸದವನ ಬಿಸಿಲಿಗೆ ಸುಟ್ಟ ಮುಖ, ಹಬ್ಬದ ಬಿಳಿ ಅಂಗಿ. “ಬನ್ನಿ ಬನ್ನಿ ಮಹಾಬಲಣ್ಣ, ಕೆಮ್ಮು ಕೇಳ್ದಾಗ್ಲೇ ನೀವೇ ಅಂದ್ಕಂಡೆ. ಫೋನಲ್ಲೂ ಇದೇ ಕೆಮ್ಮು ಅಂತ ಹುಡುಗಿ ಹೇಳಿತ್ತು,” ಎಂದು ಎರಡೂ ಕೈ ಹಿಡಿದುಕೊಂಡ. ಜಗುಲಿಯ ಗೋಡೆಯಲ್ಲಿ ದಾಸನ ಫೋಟೋ, ಅದರ ಕೆಳಗೆ ಮೊಳೆ ಹೊಡೆದು ತೂಗುಹಾಕಿದ ಪತ್ರಿಕೆಯ ಹಾಳೆ. ಪ್ಲಾಸ್ಟಿಕ್ಕಿನ ಹೊಳಪಿನ ಹಿಂದೆ ಅವನ ವಾಕ್ಯಗಳು. “ಲ್ಯಾಮಿನೇಶನ್ ಮಾಡ್ಸಿದ್ದು,” ಎಂದ ಜಗದೀಶ. “ಇದನ್ನ ಹಿಡ್ಕಂಡು ನಮ್ಮ ಕೇರಿ ಹಿರೇರ ಹತ್ರ ಹೋದೆ. ನೋಡಿ, ಅಣ್ಣ ಕೈಯಾರೆ ಮಾಡ್ಕಂಡದ್ದಲ್ಲ, ಜಾರಿ ಬಿದ್ದದ್ದು, ಕಂಡೋರೇ ಬರ್ದೀರು, ಫೋಟೋ ಸಮೇತ ಅದೆ ಅಂದೆ. ಅವರು ಕನ್ನಡಕ ಹಾಕಿ ಪೂರಾ ಓದಿದ್ರು. ಅಪಘಾತ ಅಂದ್ರೆ ಒಳಗೆ ಹಾಕೂಕೆ ಅಡ್ಡಿ ಇಲ್ಲ ಅಂದ್ರು. ಆತಲ್ಲ!”

ಆ ಮನೆಯ ಪದ್ಧತಿಯನ್ನೂ ಅವನೇ ಹೇಳಿದ. ಅಮಾವಾಸ್ಯೆಯ ಮಧ್ಯಾಹ್ನ ಒಳಕೋಣೆಯಲ್ಲಿ ಸತ್ತ ಹಿರಿಯರಿಗೆ ಸಾಲಾಗಿ ಎಲೆ ಹಾಕಿ ಅನ್ನ, ಮೀನು, ಅವರವರಿಗೆ ಇಷ್ಟವಾದದ್ದು ಬಡಿಸುತ್ತಾರೆ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಂಡು ಒಂದು ಎಲೆಯಡಿಕೆ ಕವಳ ಹಾಕುವಷ್ಟು ಹೊತ್ತು ನಿಲ್ಲುತ್ತಾರೆ. ತೆಗೆಯುವ ಮೊದಲು ಗಂಡಸೊಬ್ಬ ಕೆಮ್ಮಬೇಕು. “ಕೆಮ್ಮದೆ ನುಗ್ಗಿದ್ರೆ ಉಣ್ಣೂಕೆ ಕೂತೋರಿಗೆ ಬೇಜಾರಾಗ್ತದೆ. ಹೊರಗೆ ಜನ ಇದ್ದೀರು ಅಂತ ಅವರಿಗೆ ಗೊತ್ತಾಗ್ಬೇಕು.” ಕೈಯಾರೆ ಪ್ರಾಣ ಕಳೆದುಕೊಂಡವರಿಗೆ ಆ ಸಾಲಿನಲ್ಲಿ ಜಾಗವಿಲ್ಲ. ಅವರದ್ದು ಹರಿದ ಎಲೆಯ ತುಂಡು, ಹಿಂದಿನ ಪಾಗಾರದ ಗೋಡೆಯ ಆಚೆ, ಮೀನಿನ ಚಿಪ್ಪು ಚೆಲ್ಲುವ ಕಡೆ. ಅವರಿಗಾಗಿ ಯಾರೂ ಕಾಯುವುದಿಲ್ಲ, ಕೆಮ್ಮುವುದೂ ಇಲ್ಲ. ಇಪ್ಪತ್ತೆರಡು ವರ್ಷ ಅಮ್ಮನೇ ಹೋಗಿ ಇಟ್ಟು ತಿರುಗಿ ನೋಡದೆ ಬರುತ್ತಿದ್ದಳು, ನಾಯಿ ತಿನ್ನುತ್ತಿತ್ತು, ಎಂದು ಜಗದೀಶ ಮೊದಲ ಸಲ ದನಿ ತಗ್ಗಿಸಿದ. ಮಹಾಬಲನ ಮೂರು ವಾಕ್ಯಗಳು ಬಾಯೊಳಗೆ ಅಂಟಿಕೊಂಡವು. ಈಗ ಹೇಳಿದರೆ ಆ ಎಲೆ ಎಲ್ಲಿಗೆ ಹೋಗುತ್ತದೆ ಎಂದು ಅವನಿಗೆ ಸ್ಪಷ್ಟವಾಗಿ ಕಾಣಿಸಿತು. ಪಾಗಾರ, ಚಿಪ್ಪಿನ ರಾಶಿ, ನಾಯಿ. ಹೇಳದಿದ್ದರೆ ತಾನು ಇನ್ನೊಮ್ಮೆ ನಿದ್ದೆಯಲ್ಲಿದ್ದ ಹಾಗೆ. ಪಕ್ಕದ ಮನೆಯ ಹೆಂಗಸರಿಬ್ಬರು ಬೇಲಿಯಾಚೆಯಿಂದ ನೋಡಿದರು. “ಇವ್ರೇ ಅಂತೆ ಕಂಡೋರು.” “ಫೋಟೋದಲ್ಲಿ ಗಟ್ಟಿಮುಟ್ಟಾಗಿದ್ರು ಮಾರಾಯ್ತಿ.” ಜಗದೀಶ ಗದರಿದ. ಅವರು ನಗುತ್ತಾ ಹೋದರು.

“ಆ ಬಂದ ತಮ್ಮನ್ನ ಒಳಗೆ ಕಳ್ಸು,” ಎಂದು ಅಡುಗೆಮನೆಯಿಂದ ಕರೆ ಬಂತು.

ಈರಮ್ಮ ಮೆಟ್ಟುಗತ್ತಿಯ ಮುಂದೆ ಕುಳಿತು ಬಂಗಡೆ ಕೊಯ್ಯುತ್ತಿದ್ದಳು. ಎಪ್ಪತ್ತು ದಾಟಿದ ಗಿಡ್ಡ ಹೆಂಗಸು, ಕೈಗಳು ಮಾತ್ರ ಬೇರೆ ಯಾರದ್ದೋ ಎಂಬಷ್ಟು ಚುರುಕು. ಒಂದು ಮಣೆ ತಳ್ಳಿದಳು. ಅವನು ಕುಳಿತ. ಒಳಕೋಣೆಯ ಬಾಗಿಲು ತೆರೆದಿತ್ತು, ಸೆಗಣಿ ಸಾರಿಸಿದ ನೆಲದ ಮೇಲೆ ನಾಲ್ಕು ಎಲೆಗಳು ಕಾಣುತ್ತಿದ್ದವು, ನಾಲ್ಕನೆಯದು ಉಳಿದವುಗಳಿಗಿಂತ ದೊಡ್ಡದು. “ಅಮ್ಮಾ, ಒಂದು ಮಾತು ಹೇಳೂಕೆ ಬಂದೆ,” ಎಂದ. “ಗೊತ್ತದೆ. ಅಂಗಳದಲ್ಲಿ ನಿಂತಾಗ್ಲೇ ಕಂಡೆ. ಹಳಸಿದ ಮೀನು ಬುಟ್ಟಿ ಅಡಿಯಲ್ಲಿ ಇಟ್ಕಂಡೋರು ಹಂಗೇ ನಿಲ್ತ್ರು.” ಅವಳು ತಲೆಯೆತ್ತಲಿಲ್ಲ. “ಆ ಶೆಟ್ಲಿ ಯಾರದ್ದು?”

ಯಾವ ಸಿಗಡಿ ಎಂದು ಅವನಿಗೆ ತಿಳಿಯಲಿಲ್ಲ.

“ಒಣ ಶೆಟ್ಲಿ ಪೊಟ್ಲೆ ಬರ್ತಿತ್ತು, ಪುಡಿ ಮಾಡಿ ಉಣ್ತಿದ್ದ ಅಂತ ಬರ್ದೀಯಲ್ಲ. ದಾಸನಿಗೆ ಶೆಟ್ಲಿ ಆಗ್ತಿರ್ಲಿಲ್ಲ. ಒಂದು ಬಾಯಿಗೆ ಹೋದ್ರೆ ಸಾಕು, ಮುಖ ಬಾತು ಕಣ್ಣು ಮುಚ್ಚಿ ಹೋಗ್ತಿತ್ತು. ಮೊಗೇರ್ರ ಮನೇಲಿ ಭಟ್ರು ಹುಟ್ಟೀರು ಅಂತ ಕೇರಿಗೇ ತಮಾಷೆ. ಹುಡುಗಿ ಓದ್ತಾ ಓದ್ತಾ ಆ ಶೆಟ್ಲಿ ಹತ್ರ ಬಂದಾಗ್ಲೇ ನಂಗೆ ಗೊತ್ತಾತು, ಇಂವ ನನ್ನ ಮಗ ಅಲ್ಲ ಅಂತ.”

“ಅದು ನಂದು,” ಎಂದ ಮಹಾಬಲ. ಸುಮಾರು ಎರಡು ತಿಂಗಳು ಒಂದೇ ಪಾತ್ರೆಯಲ್ಲಿ ಉಂಡವನು ದಾಸ. ಅವನು ಏನು ತಿನ್ನುತ್ತಿದ್ದ, ಏನು ಬದಿಗಿಡುತ್ತಿದ್ದ ಎಂದು ಎಷ್ಟು ನೆನಪಿಸಿಕೊಂಡರೂ ಬರಲಿಲ್ಲ. ತನ್ನ ತಾಯಿ ಕಳಿಸುತ್ತಿದ್ದ ಪೊಟ್ಟಣವನ್ನು ಕತೆಯಲ್ಲಿ ಆ ಹುಡುಗನ ಕೈಗೆ ಕೊಟ್ಟಿದ್ದ. “ಜಾರಿ ಬಿದ್ದದ್ದೂ ಸುಳ್ಳು, ಅಮ್ಮಾ.”

“ಅದು ನಾನು ಕೇಳ್ಲಿಲ್ಲ. ಹೆಣದ ಪೆಟ್ಟಿಗೆ ಬಂದಾಗ ಅದರ ಮೇಲೆ ಬಾವುಟ ಇರ್ಲಿಲ್ಲ, ಕೈಯಾರೆ ಸತ್ತೋರಿಗೆ ಹೊದಿಸೂದಿಲ್ಲಂತೆ. ಅವತ್ತೇ ಗೊತ್ತಾತು ನಂಗೆ.” ಬಂಗಡೆಯ ಹೊಟ್ಟೆ ಸೀಳಿ ಕರುಳು ತೆಗೆದು ಬದಿಗೆ ಹಾಕಿದಳು. “ಇಷ್ಟು ವರ್ಷ ಅಂವ ಹೆಂಗೆ ಸತ್ತ ಅನ್ನೂದೇ ಎಲ್ಲರ ಮಾತು. ಅಲ್ಲಿ ಹೆಂಗಿದ್ದ ಅಂತ ಒಬ್ರೂ ಹೇಳ್ಲಿಲ್ಲ. ನಿನ್ನ ಕತೇಲಿ ಯಾರ ಮಗನೋ ಒಬ್ಬ ಅತ್ತ, ಇನ್ನೊಬ್ಬ ಎದ್ದು ಚಾ ಕಾಸ್ಕೊಟ್ಟ. ಅಂವ ಯಾರ ಮಗನೇ ಆಗ್ಲಿ, ಹೊರಗೆ ಇಡೂಕೆ ಮನಸ್ಸು ಬರ್ಲಿಲ್ಲ. ಅವನ ಬೆನ್ನಿಗೆ ನನ್ನವನೂ ಒಳಗೆ ಬರ್ಲಿ ಅಂದೆ. ಮೂರು ಸಲ ಓದ್ಸಿ ಕೇಳಿದೆ.” ಕೈ ನಿಂತಿತು. ಮೊದಲ ಬಾರಿ ಅವನ ಮುಖ ನೋಡಿದಳು. “ಚಾ ಒಂದು ಹೇಳು. ಅದು ಇತ್ತಾ?”

ಹೌದು ಎಂದರೆ ಮುಗಿಯುತ್ತಿತ್ತು. ಒಂದೇ ಶಬ್ದ, ಅದೂ ಈಗಾಗಲೇ ಅಚ್ಚಾಗಿ ಪ್ಲಾಸ್ಟಿಕ್ಕಿನ ಹಿಂದೆ ಭದ್ರವಾಗಿ ಕೂತಿದೆ. ಆ ಚಹಾದ ಬಣ್ಣ, ತಗಡಿನ ಲೋಟದ ಅಂಚಿನ ಬಿಸಿ, ದಾಸ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡ ರೀತಿ, ಎಲ್ಲವೂ ಅವನಿಗೆ ಕಣ್ಣಿಗೆ ಕಟ್ಟಿದ ಹಾಗಿದೆ, ಎಷ್ಟೋ ಸಲ ಬರೆದು ಹೊಡೆದುಹಾಕಿ ಮತ್ತೆ ಬರೆದದ್ದು. ಬಂಕರಿನ ಬೆಳಕಿನ ಗೆರೆಗಿಂತ ಅದೇ ಹೆಚ್ಚು ನಿಜವಾಗಿದೆ. ಒಲೆಯ ಮೇಲೆ ಅನ್ನ ಕುದಿಯುವ ಸದ್ದು ಕೇಳುತ್ತಿತ್ತು. ಈರಮ್ಮ ಕಾಯುತ್ತಿದ್ದಳು, ಮೀನಿನ ರಕ್ತ ಅವಳ ಬೆರಳಿನಿಂದ ಮಣೆಗೆ ಇಳಿಯುತ್ತಿತ್ತು.

“ಇಲ್ಲ,” ಎಂದ.

ಆಮೇಲೆ ಹೇಳಿದ. ಕಂಬಳಿಯನ್ನು ಬಾಯಿಗೆ ತುರುಕಿಕೊಂಡದ್ದು, ಕೆಮ್ಮು ತಡೆದದ್ದು, ನಿದ್ದೆಯ ಉಸಿರು ಎಳೆದದ್ದು. ಹೇಳುವಾಗ ಇದೂ ಒಂದು ಕತೆಯ ಹಾಗೆ ಸರಾಗವಾಗಿ ಬರುತ್ತಿದೆಯಲ್ಲ ಎಂದು ಅಸಹ್ಯವಾಯಿತು. ಮುಗಿದ ಮೇಲೆ ಈರಮ್ಮ ಕೇಳಿದಳು, “ಎಷ್ಟೊತ್ತು ಅತ್ತ?”

“ಅರ್ಧ ಗಂಟೆ. ಹೆಚ್ಚೂ ಇರ್ಬಹುದು.”

“ಅಷ್ಟೊತ್ತೂ ತಡ್ಕಂಡ್ಯಾ?”

“ಹೂಂ.”

“ಯಾಕೆ?”

“ನಾನು ಕೇಳಿಸ್ಕಂಡೆ ಅಂತ ಗೊತ್ತಾದ್ರೆ ಅವನಿಗೆ ನಾಚಿಕೆ ಆಗ್ತದೆ ಅಂತ...” ಅವನು ನಿಲ್ಲಿಸಿದ. “ಅಲ್ಲ. ನಂಗೆ ನಿದ್ದೆ ಬೇಕಿತ್ತು.”

ಈರಮ್ಮ ತಲೆ ತಗ್ಗಿಸಿ ಮತ್ತೆ ಮೀನು ಹಿಡಿದಳು. ಒಂದು, ಎರಡು, ಮೂರು ಬಂಗಡೆ ಕೊಯ್ದಳು. ಬೈಯುತ್ತಾಳೆಂದು ಅವನು ಕಾದ. ಬೈದರೆ ಎದ್ದು ಹೋಗಬಹುದಿತ್ತು. ಬಾಗಿಲಲ್ಲಿ ದೀಪಿಕಾ ಬಂದು ನಿಂತಳು, ಹಣೆಯಲ್ಲಿ ಬೆವರು, ಕೈಯಲ್ಲಿ ಹಬೆಯಾಡುವ ಸ್ಟೀಲ್ ಲೋಟ. ಅವನನ್ನು ಕಂಡು ಸಣ್ಣಗೆ ನಕ್ಕಳು. “ಅಜ್ಜೀ, ದೊಡ್ಡಪ್ಪನ ಚಾ ಆತು. ಈಗ್ಲೇ ಎಲೆ ಹತ್ರ ಇಡ್ಲಾ, ಆರ್ತದಾ?” ಈರಮ್ಮ ಲೋಟವನ್ನು ನೋಡಿದಳು. “ಇಡು,” ಎಂದಳು. ಹುಡುಗಿ ಒಳಕೋಣೆಗೆ ಹೋಗಿ, ನಾಲ್ಕನೆಯ ಎಲೆಯ ಬಲಕ್ಕೆ ಲೋಟ ಇಟ್ಟು, ಸ್ವಲ್ಪ ಹಿಂದೆ ಸರಿದು ನೋಡಿ, ಕೈಗೆ ಸಿಗುವ ಹಾಗೆ ಇನ್ನೂ ಹತ್ತಿರ ಸರಿಸಿದಳು. “ಜಗ್ಗನ ಹತ್ರ ಎಂತದೂ ಹೇಳ್ಬೇಡ,” ಎಂದಳು ಈರಮ್ಮ ದನಿ ತಗ್ಗಿಸಿ. “ಹಿರೇರ ಹತ್ರ ಹೋಗಿ ಅಣ್ಣನ್ನ ಗೆದ್ಕಂಡ್ ಬಂದೆ ಅಂತ ಅಂವ ಒಂದು ವಾರದಿಂದ ಕುಡೀಲಿಲ್ಲ.” ಎದ್ದು ಕೈ ತೊಳೆಯಲು ಹೋದಳು. ಹೋಗುವಾಗ ಅವನನ್ನು ದಾಟಿದಳು, ಅವನ ಕಡೆ ನೋಡಲಿಲ್ಲ.

ಬಡಿಸಿಯಾಯಿತು. ಅನ್ನ, ಬಂಗಡೆ, ಮೊದಲ ಎಲೆಗೆ ಒಂದು ಬೀಡಿ ಕಟ್ಟು, ಎರಡನೆಯದಕ್ಕೆ ಎಲೆಯಡಿಕೆ. ನಾಲ್ಕನೆಯದಕ್ಕೆ ಆ ಲೋಟ. ಜಗದೀಶ ಧೂಪ ತೋರಿಸಿದ. ಎಲ್ಲರೂ ಹೊರಗೆ ಬಂದರು, ಈರಮ್ಮ ಬಾಗಿಲು ಎಳೆದು ಚಿಲಕ ಹಾಕಿದಳು. ಮಹಾಬಲ ಅಂಗಳಕ್ಕೆ ಇಳಿಯಲು ನೋಡಿದ. ಇದು ಮನೆಯವರ ಹೊತ್ತು, ಅವನು ಇಲ್ಲಿ ಇರಬೇಕಾದವನಲ್ಲ. ಬಸ್ಸುಗಳು ಇವೆ, ಮೂರರ ಮೊದಲು ಹೊನ್ನಾವರ ಮುಟ್ಟಬಹುದು. ಜಗದೀಶ ಅವನ ತೋಳು ಹಿಡಿದು ಪಕ್ಕಕ್ಕೆ ನಿಲ್ಲಿಸಿಕೊಂಡ. ಹಳೆಯ ಹಲಗೆಯ ಬಾಗಿಲು, ಅದರ ನಡುವೆ ಒಂದು ಬಿರುಕು, ಬಿರುಕಿನಿಂದ ಒಳಗಿನ ದೀಪದ ಬೆಳಕಿನ ಗೆರೆ ಹೊರಬಂದು ಅವರ ಪಾದಗಳ ಮೇಲೆ ಬಿದ್ದಿತ್ತು. ಮಹಾಬಲ ಕಾಲು ಹಿಂದೆಗೆದ. ದೂರದಲ್ಲಿ ಬೋಟೊಂದರ ಇಂಜಿನ್ ಶುರುವಾಗಿ ನಿಂತಿತು. ಒಳಗೆ ನಾಲ್ಕು ಜನ ಉಣ್ಣುತ್ತಿದ್ದಾರೆ ಎಂದು ಇವರೆಲ್ಲ ಎಷ್ಟು ಸಹಜವಾಗಿ ನಿಂತಿದ್ದಾರೆ ಎಂದುಕೊಂಡ. ನಾಲ್ಕೋ, ಐದೋ. ಸುಬ್ಬನೂ ಬಂದಿರಬಹುದು.

ಹೊತ್ತಾಯಿತೆಂದು ಜಗದೀಶ ಗಂಟಲು ಸರಿಮಾಡಿಕೊಂಡು ಬಾಗಿಲ ಹತ್ತಿರ ಹೋದ.

“ನೀ ಸುಮ್ನಿರು ಜಗ್ಗಾ,” ಎಂದಳು ಈರಮ್ಮ. “ಈ ತಮ್ಮ ಕೆಮ್ಮಲಿ.”

“ಇವ್ರಾ?” ಜಗದೀಶ ನಕ್ಕ. “ಹೌದು ಬಿಡು, ಬಂದಾಗಿಂದ ಅದೇ ಕೆಲಸ ಅವರಿಗೆ.” ದೀಪಿಕಾಳೂ ನಕ್ಕಳು. ಈರಮ್ಮ ನಗಲಿಲ್ಲ. ಚಿಲಕದ ಮೇಲೆ ಕೈಯಿಟ್ಟು ಅವನನ್ನೇ ನೋಡುತ್ತಿದ್ದಳು.

ಅವನು ಬಾಗಿಲ ಎದುರು ಬಂದು ನಿಂತ. ಬಸ್ಸಿನಲ್ಲಿ, ಸೊಸೈಟಿಯ ಬಾಗಿಲಲ್ಲಿ, ಶಾಲು ಹೊದೆಸುವಾಗ, ಮಾಲಿನಿಯ ಪಕ್ಕದಲ್ಲಿ ಮಲಗಿದಾಗ, ಬೇಡವೆಂದಲ್ಲೆಲ್ಲ ಬಂದ ಕೆಮ್ಮು ಈಗ ಎಲ್ಲೂ ಇರಲಿಲ್ಲ. ಬಾಯಿ ತೆರೆದ. ಉಸಿರು ಮಾತ್ರ ಬಂತು, ಎಳೆದು ಬಿಟ್ಟ ಉಸಿರು. ಮತ್ತೆ ಅದೇ. ಅವನ ಹಿಂದೆ ಹುಡುಗಿಯ ನಗು ನಿಂತಿತು. ಅವನು ಹಣೆಯನ್ನು ಹಲಗೆಗೆ ತಾಗಿಸಿದ. ಬಿರುಕಿನಿಂದ ಧೂಪದ ಹೊಗೆ ಬರುತ್ತಿತ್ತು, ಅದರೊಳಗೆ ತೆಳ್ಳಗೆ ಚಹಾದ ವಾಸನೆ. ಎಲ್ಲೋ ಕೆಳಗಿನಿಂದ ಅದು ಎದ್ದಿತು. ಒಂದು ಸಣ್ಣ ಕೆಮ್ಮು, ಅಂಜುವವನ ಕೆಮ್ಮು.

ಚಿಲಕ ಅಲುಗಲಿಲ್ಲ.

“ಕೇಳ್ಲಿಲ್ಲ ಅವನಿಗೆ,” ಎಂದಳು ಈರಮ್ಮ. “ಇನ್ನೊಂದ್ಸಲ.”

ಅವನು ಕೆಮ್ಮಿದ.